ಗೋದಲಿ ಪಕ್ಕದ ಹಾಸಿಗೆ

ಗುಡ್ನಾಪುರದ ನೀಲಗಂಗವ್ವನಿಗೆ ದನದ ವಿಷಯದಲ್ಲಿ ಬುದ್ಧಿ ಹೇಳಲು ಹೋದವರು ಯಾರೂ ಮಾನ ಉಳಿಸಿಕೊಂಡು ಮರಳಿದ್ದಿಲ್ಲ. ಹಾಲಿನ ಸೊಸೈಟಿಯ ಸೆಕ್ರೆಟರಿ ಚಂದ್ರಶೇಖರಪ್ಪ ಒಮ್ಮೆ ತಡೆಯಲಾರದೆ, "ಯಕ್ಕಾ, ದನಾನ ಹಿತ್ತಲದಾಗ ಬ್ಯಾರೆ ಕೊಟಗಿ ಹಾಕಿ ಕಟ್ರಿ, ಈಗ ಎಲ್ಲಾರೂ ಹಂಗ ಮಾಡಾಕತ್ತಾರ" ಎಂದ. "ನಿಮ್ಮವ್ವನ್ನ ಹಿತ್ತಲದಾಗ ಮಲಗಸ್ತೀಯೇನ ತಮ್ಮಾ?" ಎಂದು ಕೇಳಿದಳು ಈಕೆ. ಹಾಲು ಹಾಕಲು ನಿಂತವರೆಲ್ಲ ನಕ್ಕರು. ಚಂದ್ರಶೇಖರಪ್ಪ ಆಮೇಲೆ ಆ ಮಾತು ಎತ್ತಲಿಲ್ಲ.

ಬನವಾಸಿ ಸೀಮೆಯ ಹಳೆಯ ಮನೆಗಳ ಕಟ್ಟಣೆಯೇ ಹಾಗೆ. ತಲೆಬಾಗಿಲು ದಾಟಿದರೆ ಒಂದೇ ದೊಡ್ಡ ಅಂಕಣ. ಬಲಕ್ಕೆ ತಗ್ಗಿನಲ್ಲಿ ದನ, ಎಡಕ್ಕೆ ಮೊಣಕಾಲೆತ್ತರದ ಪಡಸಾಲೆಯ ಮೇಲೆ ಮನುಷ್ಯರು. ನಡುವೆ ದನಗಳು ಮೇವು ತಿನ್ನುವ ಗೋದಲಿ, ಅಷ್ಟೇ, ಗೋಡೆ ಎಂಬುದಿಲ್ಲ. ಕಳ್ಳರ ಭಯವಿಲ್ಲ, ಚಿರತೆಯ ಭಯವಿಲ್ಲ, ಚಳಿಗಾಲದಲ್ಲಿ ದನದ ಮೈಬಿಸಿಗೆ ಮನೆಯೆಲ್ಲ ಬೆಚ್ಚಗೆ. ಒಂದೆತ್ತು, ಒಂದಾಕಳು ಇದ್ದ ಕಾಲಕ್ಕೆ ಇದು ಸರಿಯೇ. ನೀಲಗಂಗವ್ವನ ಮನೆಯಲ್ಲಿ ಈಗ ಐದು ಜರ್ಸಿ ಆಕಳು. ಮಾಗಿ ಬಂತೆಂದರೆ ಅವಕ್ಕೆ ಶೀತವಾದೀತೆಂದು ಮೇಲಿನ ಬೆಳಕಿಂಡಿಗಳಿಗೆಲ್ಲ ಗೋಣಿತಾಟು ತುರುಕಿ, ಸಂಜೆಗೆ ಬೇವಿನಸೊಪ್ಪಿನ ಹೊಗೆ ಹಾಕಿ, ತಲೆಬಾಗಿಲು ಎಳೆದು ಅಗಳಿ ಹಾಕುತ್ತಿದ್ದಳು. ಐದು ಆಕಳು ಮತ್ತು ನಾಲ್ವರು ಮನುಷ್ಯರು ಬೆಳಗಿನವರೆಗೆ ಅದೇ ಗಾಳಿಯನ್ನು ಹಂಚಿಕೊಂಡು ಇರುತ್ತಿದ್ದರು.

ಒಂದು ಆಕಳು ಐದಾಗಲು ಹತ್ತು ವರ್ಷ ಹಿಡಿದಿತ್ತು. ಗಂಡ ಶಿವಲಿಂಗಪ್ಪ ತೊಂಬತ್ತಮೂರರಲ್ಲಿ ಕ್ಷಯದಿಂದ ತೀರಿಕೊಂಡ. ದಿನಾ ಚುಚ್ಚುವ ಸೂಜಿಗೆ ಬೇಸತ್ತು, ನಾಲ್ಕು ತಿಂಗಳಿಗೆ ಮೈ ಹಗುರಾಯಿತೆಂದು ಔಷಧ ಬಿಟ್ಟು, ಮತ್ತೆ ಮಲಗಿದವನು ಏಳಲಿಲ್ಲ. ಊರಿಗೆ ಅವನ ಸಾವಿಗಿಂತ ಅವನ ರೋಗವೇ ದೊಡ್ಡ ಸುದ್ದಿಯಾಯಿತು. ಮಜ್ಜಿಗೆಗೆ ಬರುತ್ತಿದ್ದ ನೆರೆಯವರು ಬರುವುದನ್ನು ಬಿಟ್ಟರು. ಬಂದ ಬೀಗರು ನೀರು ಮುಟ್ಟದೆ, 'ಈಗಷ್ಟ ಉಂಡೇವಿ' ಎನ್ನುತ್ತ ಎದ್ದರು. ಹದಿನೇಳರ ಮಗ ಭರತನನ್ನು ಕಟ್ಟಿಕೊಂಡು ನೀಲಗಂಗವ್ವ ಮೊದಲ ಆಕಳು ತಂದಾಗ ಊರಲ್ಲಿ ಒಬ್ಬರೂ ಅವಳ ಹಾಲು ಕೊಳ್ಳಲಿಲ್ಲ. ಗುರುತಿಲ್ಲದ ಜನರಿರುವ ಬನವಾಸಿಯ ಚಹದಂಗಡಿಗೆ ನಡೆದುಕೊಂಡು ಹೋಗಿ ಹಾಕಿ ಬರುತ್ತಿದ್ದಳು. ಆಮೇಲೆ ಊರಿಗೆ ಸೊಸೈಟಿ ಬಂತು, ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿತ್ತು, 'ಕ್ಷಯದವರ ಮನೆ' ಎಂಬ ಹೆಸರು ನಿಧಾನಕ್ಕೆ 'ಹಾಲಿನ ನೀಲಗಂಗವ್ವನ ಮನೆ' ಎಂದಾಯಿತು. ಆ ಹೆಸರನ್ನು ಅವಳು ಎತ್ತಿನಂತೆ ದುಡಿದು ಸಂಪಾದಿಸಿದ್ದಳು.

ಅಂಥವಳಿಗೆ ಎರಡು ಸಾವಿರದ ಮೂರನೆಯ ಇಸವಿಯ ದಸರೆಯ ಹೊತ್ತಿಗೆ ಕೆಮ್ಮು ಹತ್ತಿತು.

ಮೊದಲು ಶುಂಠಿ, ಮೆಣಸು, ಆಮೇಲೆ ಆಡುಸೋಗೆ ಕಷಾಯ. ಹೋಗಲಿಲ್ಲ. ಸಂಜೆ ಹೊತ್ತು ಮೈ ಬೆಚ್ಚಗಾಗುವುದು, ಬೆಳಗಿನ ಜಾವ ಕುಪ್ಪಸ ಒದ್ದೆಯಾಗುವುದು ಶುರುವಾದಾಗ ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಗಂಡನ ಬೆವರಿನಿಂದ ಒದ್ದೆಯಾದ ಅಂಗಿಯನ್ನು ಅವಳೇ ತಿಂಗಳುಗಟ್ಟಲೆ ಹಿಂಡಿ ಒಣಹಾಕಿದ್ದಳು. ಗೊತ್ತಾದ ಮೇಲೆ ದವಾಖಾನೆಗೆ ಹೋಗಬೇಕಿತ್ತಲ್ಲ ಎಂದು ನಾವು ಸುಲಭವಾಗಿ ಹೇಳಬಹುದು. ಬನವಾಸಿಯ ದವಾಖಾನೆಯ ಬೆಂಚಿನ ಮೇಲೆ ಕೂತರೆ ಗುಡ್ನಾಪುರದವರು ಒಬ್ಬರಾದರೂ ಪಕ್ಕದಲ್ಲಿ ಕೂತಿರುತ್ತಾರೆ, ಮರುದಿನ ಅವಳ ಕ್ಯಾನು ಹೊರಗುಳಿಯುತ್ತದೆ. ಇದು ಅವಳ ಲೆಕ್ಕ.

ಆದರೆ ಮೊಮ್ಮಗಳು ದಾನೇಶ್ವರಿಯ ವಿಷಯದಲ್ಲಿ ಆ ಲೆಕ್ಕ ನಡೆಯುವ ಹಾಗಿರಲಿಲ್ಲ. ನಾಲ್ಕು ವರ್ಷದ ದಾನಿ ಹಾಲು ಬಿಟ್ಟಾಗಿನಿಂದ ಅಜ್ಜಿಯ ಕೌದಿಯೊಳಗೇ ಮಲಗುತ್ತಿದ್ದವಳು, ಅಜ್ಜಿಯ ಕತ್ತಿಗೆ ಮೂಗು ಒತ್ತದೆ ಅವಳಿಗೆ ನಿದ್ದೆ ಬಾರದು. ಆ ಮೂಗು ಎಳೆದುಕೊಳ್ಳುವುದು ತನ್ನ ಕೆಮ್ಮಿನ ಉಸಿರನ್ನೇ ಎಂಬುದು ನೀಲಗಂಗವ್ವನಿಗೆ ಗೊತ್ತಿತ್ತು. ದೀಪಾವಳಿ ಕಳೆದ ಮರುದಿನ ಅವಳೊಂದು ಉಪಾಯ ಹೂಡಿದಳು. ಗಬ್ಬವಾಗಿದ್ದ ಗೌರಿ ಎಂಬ ಆಕಳು ಸರಿಯಾಗಿ ಮೇಯುತ್ತಿಲ್ಲ, ಕಣ್ಣಿಟ್ಟು ನೋಡಬೇಕು ಎಂದು ಹೇಳಿ, ಹಾಸಿಗೆಯನ್ನು ಪಡಸಾಲೆಯಿಂದ ಕೆಳಗಿಳಿಸಿ ಗೋದಲಿಯ ಪಕ್ಕಕ್ಕೆ, ಗೌರಿಯ ಮುಸುಡಿಯ ಹತ್ತಿರ ಹಾಕಿಕೊಂಡಳು.

"ಅತ್ತಿ, ಚಳ್ಯಾಗ ಅಲ್ಲಿ ಯಾಕ್ರಿ?" ಎಂದಳು ಸೊಸೆ ಶೈಲಾ.

"ನಾ ಸಾಯೂದಿಲ್ಲ, ನಿನ್ನ ಮಗಳನ್ನ ನಿನ್ನ ಬಗಲಾಗ ಹಾಕ್ಕೋ. ಇನ್ನೆಷ್ಟ ದಿನ ನನ್ನ ಕೊರಳಿಗೆ ಜೋತ ಬೀಳ್ತಾಳ ಅಕಿ?" ಎಂದು ಗದರಿದಳು. ದಾನಿ ಮೂರು ದಿನ ಅತ್ತು ನಾಲ್ಕನೆಯ ದಿನ ಸುಮ್ಮನಾದಳು. ಮಗುವನ್ನು ಉಳಿಸಿದೆ ಎಂದುಕೊಂಡಳು ನೀಲಗಂಗವ್ವ. ಮನುಷ್ಯರ ರೋಗ ಮನುಷ್ಯರಿಗೆ, ದನದ್ದು ದನಕ್ಕೆ. ಮೂಕಪ್ರಾಣಿಯ ಪಕ್ಕ ಕೆಮ್ಮಿದರೆ ಯಾರಿಗೇನು ನಷ್ಟ ಎಂಬುದು ಅವಳ ನಂಬಿಕೆ.

ಆದರೆ ಬೆಳಗಿನ ಒಂದು ಪದ್ಧತಿ ಮಾತ್ರ ನಿಲ್ಲಲಿಲ್ಲ. ಆಕಳ ಕೆಚ್ಚಲಿನಿಂದ ನೇರ ಹಿತ್ತಾಳೆ ಲೋಟಕ್ಕೆ ಕರೆದ ಬಿಸಿ ನೊರೆಹಾಲು ಮೊದಲು ದಾನಿಗೆ, ಆಮೇಲೆ ಸೊಸೈಟಿಗೆ. ಕಾಸಿದ ಹಾಲು ಕುಡಿದು ಬೆಳೆದ ಮಕ್ಕಳ ಎಲುಬು ಗಟ್ಟಿಯಿರುವುದಿಲ್ಲ ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಗಬ್ಬದ ಆಕಳಾದರೂ ಗೌರಿ ಇನ್ನೂ ಬತ್ತದೆ ಒಂದು ಹೊತ್ತು ಹಾಲು ಕೊಡುತ್ತಿತ್ತು. ಅದರ ಹಾಲು ಎಲ್ಲಕ್ಕಿಂತ ಸಿಹಿ, ಹಾಗಾಗಿ ದಾನಿಯ ಲೋಟ ಅದರದೇ.

ಡಿಸೆಂಬರಿನಲ್ಲಿ ಗೌರಿ ಕೆಮ್ಮತೊಡಗಿತು.

ಒಣ ಕೆಮ್ಮು. ಕತ್ತು ಮುಂದೆ ಚಾಚಿ, ನಾಲಿಗೆ ಹೊರಹಾಕಿ ಎರಡು ಮೂರು ಸಲ. ಮೊದಲ ದಿನ ಅದನ್ನು ಕೇಳಿದಾಗ ನೀಲಗಂಗವ್ವ ಕಲ್ಲಾಗಿ ನಿಂತಳು. ಮರುದಿನ ಅವಳಿಗೆ ಒಂದು ಅನುಕೂಲವೂ ಕಂಡಿತು, ಅದನ್ನು ಹೇಳಲು ನನಗೇ ನಾಚಿಕೆ. ಗೌರಿ ಕೆಮ್ಮುವವರೆಗೆ ತನ್ನ ಕೆಮ್ಮನ್ನು ಗಂಟಲಲ್ಲಿ ಹಿಡಿದಿಟ್ಟುಕೊಂಡು, ಅದು ಕೆಮ್ಮಿದೊಡನೆ ಸೆರಗು ಬಾಯಿಗೊತ್ತಿ ತಾನೂ ಕೆಮ್ಮಿಬಿಡುತ್ತಿದ್ದಳು. ಪಡಸಾಲೆಯ ಮೇಲಿದ್ದವರಿಗೆ ಎರಡೂ ಒಂದೇ ಕೆಮ್ಮು. "ಗೌರಿ ಭಾಳ ಕೆಮ್ಮಾಕತ್ತೈತಲ್ಲ ಬೇ" ಎಂದು ಭರತ ಪೇಚಾಡುವಾಗ ಹೂಂಗುಟ್ಟುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ತಿಂಗಳು ನಡೆಯಿತು. ಅಷ್ಟರಲ್ಲಿ ಗೌರಿಯ ಪಕ್ಕೆಲುಬು ಎಣಿಸುವಷ್ಟಾಯಿತು, ಇವಳ ಬಳೆ ಮೊಣಕೈವರೆಗೆ ಜಾರತೊಡಗಿತು.

ದನದ ಡಾಕ್ಟರು ವೆಂಕಟ್ರಮಣ ಹೆಗಡೆಯವರು ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆಯವರು, ಬನವಾಸಿಗೆ ಬಂದು ಎರಡು ವರ್ಷವಾಗಿತ್ತು. ಮೋಟಾರ್ ಸೈಕಲ್ಲಿನ ಮೇಲೆ ಬರುವರು, ಬಂದ ಮನೆಯಲ್ಲೆಲ್ಲ ಮೊದಲು ಕಿಟಕಿ ಎಲ್ಲಿದೆ ಎಂದು ನೋಡುವರು. ಗೌರಿಗೆ ಒಂದು ವಾರ ಇಂಜೆಕ್ಷನ್ ಕೊಟ್ಟರು, ಕೆಮ್ಮು ಜಗ್ಗಲಿಲ್ಲ. ಜನವರಿ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಸಣ್ಣ ಶೀಶೆಯೊಂದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತಂದರು. ಐದೂ ಆಕಳ ಕುತ್ತಿಗೆಯ ಮೇಲೆ ನಾಲ್ಕು ಬೆರಳಗಲ ಕೂದಲು ಬೋಳಿಸಿ, ಚರ್ಮ ಹಿಡಿದು ದಪ್ಪ ಅಳೆದು ಬರೆದುಕೊಂಡು, ಚರ್ಮದೊಳಕ್ಕೇ ಸೂಜಿ ಚುಚ್ಚಿದರು.

"ಇದೆಂತ ಔಷಧ ಅಲ್ಲ ಅಮ್ಮಾ, ಪರೀಕ್ಷೆ. ಗುರುವಾರ ಬಂದು ನೋಡ್ತೆ. ಬಾವು ಬಂದ್ರೆ ಕ್ಷಯ, ಬರದಿದ್ರೆ ಇಲ್ಲ."

"ದನಕ್ಕೂ ಕ್ಷಯ ಬರತೈತೇನ್ರಿ?" ಎಂದು ಭರತ ಬಾಯಿ ತೆರೆದ.

"ಬರದೆ ಎಂತ? ಕೆಮ್ಮಿದಾಗ ಗಾಳಿಗೆ ಹೋಗ್ತದೆ, ಆ ಗಾಳಿ ಯಾರು ಎಳ್ಕೊಂಡ್ರೆ ಅವ್ರಿಗೆ. ಅದಕ್ಕೆ ದನ ಯಾವ್ದು, ಜನ ಯಾರು ಅಂತ ಗೊತ್ತಾಗೂದಿಲ್ಲ" ಎಂದು ಹೇಳಿ, ಮೇಲೆ ಬೆಳಕಿಂಡಿಗಳ ಗೋಣಿತಾಟಿನ ಕಡೆ ನೋಡಿ, ತಲೆ ಅಲ್ಲಾಡಿಸಿ, ಡಾಕ್ಟರು ಹೊರಟುಹೋದರು.

ನೀಲಗಂಗವ್ವ ಸಗಣಿ ಬುಟ್ಟಿ ಹಿಡಿದು ನಿಂತಲ್ಲೇ ನಿಂತಿದ್ದಳು. ಆ ಮೂರು ದಿನ ಅವಳು ಹೇಗೆ ಕಳೆದಳೋ ಶಿವನೇ ಬಲ್ಲ. ಗಳಿಗೆಗೊಮ್ಮೆ ಹೋಗಿ ಗೌರಿಯ ಕುತ್ತಿಗೆ ಸವರುವಳು. ಮಂಗಳವಾರ ಮಧ್ಯಾಹ್ನ ಬೋಳಿಸಿದ ಜಾಗ ಬೆಚ್ಚಗಿತ್ತು. ಬಿಸಿಲಿಗೆ ಹಾಗಾಗಿರಬೇಕು ಎಂದುಕೊಂಡಳು, ಮನೆಯೊಳಗೆ ಬಿಸಿಲೆಲ್ಲಿತ್ತು? ಬುಧವಾರ ಬೆಳಿಗ್ಗೆ ಬೆರಳಿಗೆ ಗಂಟು ಸಿಕ್ಕಿತು. ಅಂದು ದಾನಿ ಹಿತ್ತಾಳೆ ಲೋಟ ಹಿಡಿದು ಬಂದು ನಿಂತಾಗ, ಲೋಟ ಕಿತ್ತುಕೊಂಡು, ಆಗಷ್ಟೇ ಕರೆದ ಹಾಲನ್ನು ಸಗಣಿಗುಂಡಿಗೆ ಚೆಲ್ಲಿದಳು. ಮಗು ಕಣ್ಣರಳಿಸಿತು. ಎಷ್ಟು ಲೋಟ ಕುಡಿದಿರಬಹುದು ಇದು, ದೀಪಾವಳಿಯಿಂದ ಈಚೆಗೆ ಎಂದು ಯೋಚಿಸಿದಳು. ತಾನು ಮಗುವಿನಿಂದ ದೂರ ಸರಿದು ಆಕಳಿನ ಮುಸುಡಿಗೆ ಕೆಮ್ಮಿದ್ದು, ಆ ಆಕಳಿನ ಹಾಲನ್ನು ತಾನೇ ಕರೆದು ಮಗುವಿಗೆ ಕುಡಿಸಿದ್ದು, ಎರಡೂ ಒಟ್ಟಿಗೆ ತಲೆಗೆ ಬಂದವು.

ಗುರುವಾರ ಹತ್ತು ಗಂಟೆಗೆ ಡಾಕ್ಟರು ಬಂದರು. ಮೂರು ಆಕಳ ಚರ್ಮ ಇದ್ದಂತೇ ಇತ್ತು. ಗೌರಿಯದು ಲಿಂಬೆಹಣ್ಣಿನ ಗಾತ್ರ ಊದಿತ್ತು. ಅದರ ಪಕ್ಕದಲ್ಲೇ ಕಟ್ಟುತ್ತಿದ್ದ ಕೆಂದಿಯದೂ ಊದಿತ್ತು.

"ಇವೆರಡಕ್ಕೆ ಇದೆ" ಎಂದರು ಡಾಕ್ಟರು. "ಬೇರೆ ಕಟ್ಟಬೇಕು, ಇವತ್ತೇ. ದನದ ಕ್ಷಯಕ್ಕೆ ಔಷಧ ಮಾಡೂದಿಲ್ಲ. ಗೌರಿ ಕರು ಹಾಕಿದ ಕೂಡ್ಲೆ ಕರು ತೆಗೀಬೇಕು, ನೆಕ್ಕೂದಕ್ಕೂ ಬಿಡೂದಲ್ಲ. ಹಸಿಹಾಲು ಕುಡಿದವ್ರು ಯಾರಾದ್ರೂ ಇದ್ದಾರಾ?"

ಶೈಲಾ ಮಗಳನ್ನು ಎಳೆದು ಅಪ್ಪಿಕೊಂಡಳು. ಅದೇ ಉತ್ತರವಾಯಿತು.

ಭರತನಿಗೆ ಸಿಟ್ಟು ನೆತ್ತಿಗೇರಿತು. "ಈ ದರಿದ್ರ ಆಕಳನ್ನ ರಾಣೆಬೆನ್ನೂರ ಸಂತಿಂದ ತಂದಿದ್ದ ತಪ್ಪಾತು. ನಾಳೆ ಹಾನಗಲ್ಲ ಸಂತಿಗೆ ಹೊಡಕೊಂಡ ಹೋಗಿ ಬಿಟ್ಟ ಬರ್ತೀನಿ. ಪೀಡಾ ಹೋಗ್ಲಿ. ಅವ್ವಾ, ನಿನ್ನ ಹಾಸಿಗೀನೂ ಮ್ಯಾಲ ತಗೋ. ಇನ್ನ ಅಲ್ಲಿ ಏನೂ ಕಾಯೂದಿಲ್ಲ, ಮೊದಲಿನಗತೆ ದಾನೀನ್ನ ಮಗ್ಗಲಾಗ ಹಾಕ್ಕೊಂಡ ಮಲಗು."

ದಾನಿ ಕುಣಿದಳು. "ಅಜ್ಜೀ, ಇವತ್ತಿಂದನಾ?"

ಡಾಕ್ಟರು ಸೂಜಿ ಡಬ್ಬಿ ಮುಚ್ಚುತ್ತ ವಾಡಿಕೆಯಂತೆ ಕೇಳಿದರು: "ಮನೇಲಿ ಯಾರಿಗಾದ್ರೂ ಕೆಮ್ಮು ಇದ್ಯಾ?"

"ಇಲ್ರಿ, ಎಲ್ಲಾ ಗಟ್ಟಿ ಅದೀವಿ" ಎಂದ ಭರತ.

ಶೈಲಾ ಅತ್ತೆಯ ಮುಖವನ್ನೇ ನೋಡಿದಳು. ಬಟ್ಟೆ ಒಗೆಯುವವಳು ಅವಳು, ಸೆರಗಿನ ಮೇಲಿನ ಕಫದ ಕಲೆ ಅವಳಿಗೆ ಗೊತ್ತಿರದೇ ಇರಲು ಸಾಧ್ಯವಿರಲಿಲ್ಲ. ಅತ್ತೆಗೆ ಎದುರಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ ಅವಳೂ ಇಷ್ಟು ದಿನ ಉಗುಳು ನುಂಗಿಕೊಂಡಿದ್ದಳು. ನೀಲಗಂಗವ್ವ ಒಮ್ಮೆ ಸೊಸೆಯನ್ನು ನೋಡಿದಳು, ಒಮ್ಮೆ ಪಡಸಾಲೆಯನ್ನು ನೋಡಿದಳು. ಸುಮ್ಮನಿದ್ದರೆ ಎಲ್ಲ ಸಲೀಸು. ರೋಗ ಆಕಳಿನದು, ಆಕಳು ಸಂತೆಗೆ, ಹಾಲು ಸೊಸೈಟಿಗೆ. ಮತ್ತು ಇವತ್ತೇ ದಾನಿ ಬಂದು ಕೌದಿಯೊಳಗೆ ಸೇರಿ ಕತ್ತಿಗೆ ಮೂಗು ಒತ್ತುತ್ತಾಳೆ.

"ನನಗೈತ್ರಿ" ಎಂದಳು.

"ಏನ ಬೇ ಅವ್ವಾ?" ಎಂದ ಭರತ.

"ಕೆಮ್ಮು ನನಗೈತಿ. ದಸರಾದಾಗಿಂದ. ಇದರಕಿಂತ ಮೊದಲ ನನಗ ಬಂದೈತಿ. ನಿಮ್ಮಪ್ಪಗ ಬಂದಿತ್ತಲ್ಲ, ಅದ. ನೀವು ಕೇಳಿದ್ದ ಕೆಮ್ಮಿನ್ಯಾಗ ಅರ್ಧ ನಂದು." ಬಾಯಿಗೆ ಬಂದ ಕೆಮ್ಮನ್ನು ಅವಳು ಈ ಸಲ ತಡೆಯಲಿಲ್ಲ. ಎಲ್ಲರೆದುರು ಬಗ್ಗಿ, ಗೋದಲಿಯ ಅಂಚು ಹಿಡಿದು ಕೆಮ್ಮಿದಳು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಬ್ಯಾಡೋ ತಮ್ಮಾ. ಸಂತಿಗೆ ಹೊಡದ್ರ ಅದನ್ನ ಕೊಂಡವರ ಮನ್ಯಾಗೂ ಒಂದ ಕೂಸು ಇರತೈತಿ."

ಆಮೇಲೆ ನೀಲಗಂಗವ್ವ ತನ್ನನ್ನು ಮೂರು ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದಳು: "ನಾನ ಕೊಟ್ಟೇನೇನ್ರಿ ಗೌರಿಗೆ?"

ವೆಂಕಟ್ರಮಣ ಡಾಕ್ಟರು ಸುಳ್ಳು ಸಮಾಧಾನ ಹೇಳುವವರಲ್ಲ. "ನೀವು ಕೊಟ್ಟಿದ್ದೋ, ಅದ್ರ ಒಳಗೆ ಮೊದ್ಲೇ ಇತ್ತೋ, ಅದೇ ನಿಮಗೆ ಕೊಟ್ಟಿದ್ದೋ, ಇಲ್ಲಿ ನಿಂತು ಹೇಳೂದಕ್ಕೆ ಆಗೂದಿಲ್ಲ ಅಮ್ಮಾ. ಎಲ್ಲಾ ಕಿಂಡಿ ಮುಚ್ಚಿ ಒಂದೇ ಗಾಳಿ ಕುಡಿದ್ರಿ. ಅದಿರ್ಲಿ, ನಿಮಗೆ ಗುಳಿಗೆ ಉಂಟು, ಗುಣ ಆಗ್ತದೆ. ಮೊದ್ಲು ಮಗೂನ ತೋರ್ಸಿ."

ಬನವಾಸಿಯ ದವಾಖಾನೆಯಲ್ಲಿ ಪರೀಕ್ಷೆ ಮಾಡಿಸಿದಾಗ ನೀಲಗಂಗವ್ವನ ಕಫದಲ್ಲಿ ರೋಗ ಕಂಡಿತು. ದಾನಿಯನ್ನು ಶಿರಸಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಎದೆಯ ಫೋಟೋ ತೆಗೆಸಿ, ಮಗುವಿನ ಮುಂಗೈ ಮೇಲೆ ಚರ್ಮದೊಳಕ್ಕೆ ಸಣ್ಣ ಸೂಜಿ ಚುಚ್ಚಿ, "ಮೂರು ದಿನ ಬಿಟ್ಟು ಬನ್ನಿ, ಬಾವು ನೋಡಬೇಕು" ಎಂದರು. ಭರತ ಬಂದು ಇದನ್ನು ಹೇಳಿದಾಗ ನೀಲಗಂಗವ್ವ ಕಿವಿ ಮುಚ್ಚಿಕೊಂಡಳು. ಆಕಳಿಗೆ ಮಾಡಿದ್ದನ್ನೇ ಕೂಸಿಗೂ ಮಾಡಿದರಲ್ಲ! ಅಷ್ಟರಲ್ಲಾಗಲೇ ಅವಳು ತಾನಾಗಿಯೇ ಮನೆ ಬಿಟ್ಟು, ಊರ ಹೊರಗಿನ ಕಣದ ಗುಡಿಸಲು ಸೇರಿದ್ದಳು. ಗೌರಿ ಮತ್ತು ಕೆಂದಿಯನ್ನು ಅಲ್ಲೇ ಹುಣಸೆಮರಕ್ಕೆ ಕಟ್ಟಿದ್ದರು. ಈ ಮೂರು ದಿನ ಸವರಿ ನೋಡಲು ಅವಳ ಕೈಗೆ ಎಟುಕುವಲ್ಲಿ ದಾನಿಯ ತೋಳಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ದೂರದಿಂದಲೇ ಕೂಗಿ, "ನಮ್ಮ ದಾನೀನ್ನ ನೋಡಿದಿರೇನ್ರಿ, ಆಡಾಕತ್ತಿತ್ತೇನ್ರಿ?" ಎಂದು ಕೇಳುತ್ತಿದ್ದಳು. ಊರಿಗೆ ಸುದ್ದಿ ಹಬ್ಬಿತ್ತು, ಕೆಲವರು ಉತ್ತರ ಕೊಡದೆ ಹೋಗುತ್ತಿದ್ದರು. ಅವಳ ಕ್ಯಾನು ಸೊಸೈಟಿಯ ಹೊರಗೇ ಉಳಿಯಿತು. ಹತ್ತು ವರ್ಷ ಅದಕ್ಕೆ ಹೆದರಿದವಳಿಗೆ ಈಗ ಅದರ ಕಡೆ ತಿರುಗಿ ನೋಡಲೂ ಪುರಸೊತ್ತಿರಲಿಲ್ಲ.

ನಾಲ್ಕನೆಯ ದಿನ ಭರತ ಶಿರಸಿಯಿಂದ ಬಂದವನು ಕಣದ ಬದುವಿನ ಮೇಲೆ ನಿಂತು ಕೂಗಿ ಹೇಳಿದ: "ಬಾವು ಬಂದಿಲ್ಲ ಬೇ. ಫೋಟೋದಾಗೂ ಏನಿಲ್ಲ. ಆದ್ರ ಆಮ್ಯಾಲ ಕಾಣಿಸಿಕೊಂಡ್ರೂ ಕಾಣಿಸಿಕೊಳ್ಳತೈತಂತ. ಗುಳಿಗಿ ಕೊಟ್ಟಾರ, ಮೂರ ತಿಂಗಳಿಗೆ ಮತ್ತ ಚುಚ್ಚಿ ನೋಡ್ತಾರಂತ. ಅಲ್ಲೀಮಟ ನಿನ್ನ ಹತ್ರ, ಈ ಆಕಳ ಹತ್ರ ಬಿಡಬ್ಯಾಡ್ರಿ ಅಂದಾರ. ನಿನ್ನ ಕಫ ಚೊಕ್ಕ ಆದ ಮ್ಯಾಲ ನೋಡೂಣು ಅಂದ್ರು." ನೀಲಗಂಗವ್ವ ನೆಲಕ್ಕೆ ಕೂತು ಮಣ್ಣಿಗೆ ಹಣೆ ಹಚ್ಚಿದಳು. ಆಮೇಲೆ ಎದ್ದು, ಮೂರು ತಿಂಗಳೆಂದರೆ ಯಾವ ಹುಣ್ಣಿಮೆಯಾಗುತ್ತದೆ ಎಂದು ಎಣಿಸತೊಡಗಿದಳು.

ಮನೆಯಲ್ಲಿ ಭರತ ಗೋಣಿತಾಟು ಕಿತ್ತು ಸುಟ್ಟ. ಹತ್ತು ವರ್ಷ ಆಗದಿದ್ದ ಹಿತ್ತಲ ಕೊಟ್ಟಿಗೆ ಹತ್ತು ದಿನದಲ್ಲಿ ಎದ್ದಿತು, ನಾಲ್ಕು ಕಡೆಯಿಂದ ಗಾಳಿ ಆಡುವಂತೆ. ನೀಲಗಂಗವ್ವ ದಿನ ಬಿಟ್ಟು ದಿನ ಅಂಗನವಾಡಿಯವಳ ಕಣ್ಣೆದುರು ಒಂದು ಹಿಡಿ ಗುಳಿಗೆ ನುಂಗುವಳು. ಒಮ್ಮೆ ಅವಳನ್ನೇ ಕೇಳಿದ್ದಳು, "ಒಂದೆರಡ ಗುಳಿಗಿ ಗೌರಿಗೆ ಹಾಕಿದ್ರ?" ಅಂಗನವಾಡಿಯವಳು ಬೈದಿದ್ದಳು.

ಫೆಬ್ರುವರಿಯ ಎರಡನೆಯ ವಾರ ಒಂದು ಬೆಳಿಗ್ಗೆ ಗೌರಿಗೆ ನೋವು ಬಂತು. ಸುದ್ದಿ ತಿಳಿದು ಭರತ ಬಾಡಿಗೆಯ ಚಕ್ಕಡಿ ಹೊಡೆದುಕೊಂಡು ಬಂದು ಬದುವಿನ ಆಚೆ ನಿಲ್ಲಿಸಿದ. ಸೆರಗನ್ನು ಬಾಯಿಮೂಗಿಗೆ ಬಿಗಿದು ಕಟ್ಟಿಕೊಂಡು ನೀಲಗಂಗವ್ವ ಗೌರಿಯ ಹಿಂದೆ ಕೂತಳು. ಒಂಬತ್ತರ ಹೊತ್ತಿಗೆ ಕರು ಬಿತ್ತು. ಹೆಣ್ಣುಕರು. ಅದು ನೆಲ ಮುಟ್ಟಿದೊಡನೆ ಗೋಣಿಯಲ್ಲಿ ಸುತ್ತಿ ಎತ್ತಿಕೊಂಡಳು. ಗೌರಿ ಹಗ್ಗ ಜಗ್ಗಿ ತಿರುಗಿತು, ನಾಲಿಗೆ ಚಾಚಿತು, ಸಿಗಲಿಲ್ಲ. ಹೂಂ, ಹೂಂ ಎಂದು ಕರೆಯತೊಡಗಿತು. "ಬ್ಯಾಡ ನಮ್ಮವ್ವಾ, ನೆಕ್ಕಬ್ಯಾಡ. ನಿನ್ನ ಕೂಸಿಗೆ ಛಲೋ ಆಗ್ಲಿ ಅಂತನ ಒಯ್ಯಾಕತ್ತೀನಿ" ಎನ್ನುತ್ತ ನೀಲಗಂಗವ್ವ ಬದುವಿನ ಕಡೆ ನಡೆದಳು.

ಕರು ಬಂತೆಂದು ಚಕ್ಕಡಿಯೊಳಗಿಂದ ದಾನಿ ಇಣುಕಿದಳು. ಅಪ್ಪನ ಕಣ್ಣು ತಪ್ಪಿಸಿ ಅವಳು ಬಂದಿದ್ದು ಭರತನಿಗೆ ಆಗಷ್ಟೇ ಗೊತ್ತಾಯಿತು. ಅವನು ಹಿಡಿಯುವಷ್ಟರಲ್ಲಿ ಕೆಳಗೆ ಜಿಗಿದು, ಕರುವನ್ನು ನೋಡದೆ, ಎರಡೂ ಕೈ ಚಾಚಿ ಓಡಿ ಬಂದಳು. "ಅಜ್ಜೀ!"

"ಬರಬ್ಯಾಡ! ನಿಂದ್ರಲ್ಲೇ! ಹತ್ರ ಬಂದ್ರ ಕಡೀತೀನಿ ನಿನ್ನ!"

ಹುಟ್ಟಿದಾಗಿನಿಂದ ಅಜ್ಜಿಯ ಬಾಯಲ್ಲಿ ಇಂಥ ಸ್ವರ ಕೇಳದ ಮಗು ಗಕ್ಕನೆ ನಿಂತಿತು. ಚಾಚಿದ ಕೈ ಹಾಗೇ ಇದ್ದವು. ತುಟಿ ಸೊಟ್ಟಗಾಗಿ ಅಳು ಒಡೆಯಿತು. ನೀಲಗಂಗವ್ವ ಕರುವನ್ನು ಬದುವಿನ ಹುಲ್ಲಿನ ಮೇಲಿಟ್ಟು, ಮಗುವಿಗೆ ಬೆನ್ನು ಮಾಡಿ, ಹಿಂದಿರುಗಿ ನೋಡದೆ ಹುಣಸೆಮರದ ಕಡೆ ನಡೆದಳು. ಹಿಂದೆ ಭರತ ಮಗಳನ್ನು ಎತ್ತಿಕೊಂಡು ರಮಿಸುತ್ತಿದ್ದ, ಅವಳು 'ಅಜ್ಜಿ ಬೈದ್ಲು' ಎಂದು ಬಿಕ್ಕುತ್ತಿದ್ದಳು.

ಗೌರಿ ಇನ್ನೂ ಕರೆಯುತ್ತಲೇ ಇತ್ತು. ನೀಲಗಂಗವ್ವ ಅದರ ಮುಂದೆ ಕುಸಿದು ಕೂತು ಬಾಯಿಬಿಟ್ಟು ಅತ್ತಳು. ಕರುವಿನ ಮೈಯ ಒದ್ದೆ ಇನ್ನೂ ಆರದಿದ್ದ ಅವಳ ಎರಡೂ ಕೈಗಳನ್ನು ಗೌರಿ ಮೂಸಿತು, ಆಮೇಲೆ ನೆಕ್ಕತೊಡಗಿತು. ನೀಲಗಂಗವ್ವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.